ಮಣ್ಣಿಗೂ ಬೇಕು ಊಟ

(ಪ್ರಸ್ತಾವನೆ: ಮಳೆಯನ್ನೇ ನಂಬಿದ ಒಣ ಬೇಸಾಯದ ಹೊಲಗಳಲ್ಲಿ ಮಣ್ಣು ವರ್ಷದಿಂದ ವರ್ಷಕ್ಕೆ ಬಡವಾಗುತ್ತದೆ. ಅದಕ್ಕೆ ಕಾರಣವೇನು? ಅಂತಹ ಮಣ್ಣಿಗೆ ಮತ್ತೆ ಬಲ ತುಂಬುವುದು ಹೇಗೆ? ಅದರಿಂದ ನಾವು ಉಸಿರಾಡುವ ಗಾಳಿಗೂ ಆಗುವ ಉಪಕಾರವೇನು? ಇವುಗಳನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.)

ಮಕ್ಕಳೇ, ಎಳ್ಳ ಅಮಾವಾಸ್ಯೆಯ ದಿನ ನೀವು ಮನೆಯವರೊಂದಿಗೆ ಹೊಲಕ್ಕೆ ಹೋಗಿರಬಹುದು. ರೊಟ್ಟಿ, ಕಡುಬು, ಭಜ್ಜಿ, ಅಂಬಲಿ ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೋಗುತ್ತಾರೆ. ಉಣ್ಣಲು ಕೂಡುವ ಮೊದಲು ಹಿರಿಯರು ಹೊಲದ ತುಂಬ ಚರಗ ಚೆಲ್ಲುತ್ತಾರೆ. ನಮಗೆ ಉಣಿಸುವ ಭೂಮಿತಾಯಿ ಮೊದಲು ಉಣ್ಣಲಿ ಎಂಬುದು ಅವರ ಭಾವನೆ. ಎಷ್ಟು ಒಳ್ಳೆಯ ಭಾವನೆ ಅಲ್ಲವೇ? ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿರಿ. ವರ್ಷದ ಉಳಿದ ದಿನಗಳಲ್ಲಿ ಮಣ್ಣು ಏನನ್ನು ಉಣ್ಣುತ್ತದೆ?

ಮಣ್ಣು ಉಣ್ಣುವುದೇ ಎಂದು ನಗಬೇಡಿರಿ. ಮಣ್ಣು ಬರಿಯ ಧೂಳಲ್ಲ. ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅವುಗಳ ಜೊತೆಗೆ ಎರೆಹುಳು, ಗೆದ್ದಲು, ಇರುವೆಗಳೂ ಇರುತ್ತವೆ. ಇವೆಲ್ಲವೂ ಹಗಲಿರುಳು ದುಡಿಯುತ್ತವೆ. ಬಿದ್ದ ಎಲೆ, ಸತ್ತ ಬೇರು, ಸಗಣಿ, ಕಸಕಡ್ಡಿಗಳನ್ನು ತಿಂದು ಬೆಳೆಗೆ ಬೇಕಾದ ಆಹಾರವನ್ನಾಗಿ ಮಾಡುತ್ತವೆ. ದುಡಿಯುವವರಿಗೆ ಊಟ ಬೇಡವೇ? ಅವುಗಳ ಊಟದಲ್ಲಿ ಮುಖ್ಯವಾದ ವಸ್ತು ಇಂಗಾಲ.

ಇಂಗಾಲದ ಪಯಣ

ಇಂಗಾಲ ಎಲ್ಲಿಂದ ಬರುತ್ತದೆ? ಗಾಳಿಯಿಂದ. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲವಿದೆ. ಗಾಳಿಯನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಈ ಅನಿಲ ಸುಮಾರು ನಾಲ್ಕು ಪಾಲು ಮಾತ್ರ. ಗಿಡದ ಎಲೆಗಳು ಬಿಸಿಲಿನ ಸಹಾಯದಿಂದ ಈ ಅನಿಲವನ್ನು ಹೀರಿಕೊಂಡು ತಮ್ಮ ಆಹಾರವನ್ನು ತಯಾರಿಸುತ್ತವೆ. ಹೀಗೆ ಗಾಳಿಯಲ್ಲಿದ್ದ ಇಂಗಾಲವು ಎಲೆ, ಕಾಂಡ, ಬೇರು, ಕಾಳುಗಳಲ್ಲಿ ಸೇರುತ್ತದೆ. ನೂರು ಕಿಲೋ ಒಣಗಿದ ಜೋಳದ ಕಣಿಕೆಯಲ್ಲಿ ನಲವತ್ತು ಕಿಲೋದಷ್ಟು ಇಂಗಾಲವೇ ಇರುತ್ತದೆ.

ಆ ಕಣಿಕೆಗೆ ಬೆಂಕಿ ಹಚ್ಚಿದರೆ ಏನಾಗುತ್ತದೆ? ಕೆಲವೇ ನಿಮಿಷಗಳಲ್ಲಿ ಇಂಗಾಲವೆಲ್ಲ ಹೊಗೆಯಾಗಿ ಮತ್ತೆ ಗಾಳಿಗೆ ಸೇರುತ್ತದೆ. ಹೊಲದಲ್ಲಿ ಉಳಿಯುವುದು ಒಂದು ಹಿಡಿ ಬೂದಿ ಮಾತ್ರ. ಅದೇ ಕಸಕಡ್ಡಿಯನ್ನು ಮಣ್ಣಿಗೆ ಸೇರಿಸಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಆಗಲೂ ಹೆಚ್ಚಿನ ಇಂಗಾಲ ಅವುಗಳ ಉಸಿರಿನೊಂದಿಗೆ ಗಾಳಿಗೆ ಹೋಗುತ್ತದೆ. ಆದರೆ ಸ್ವಲ್ಪ ಭಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹಳ ಕಾಲ ಉಳಿಯುತ್ತದೆ. ಹೀಗೆ ಉಳಿದ ಕಪ್ಪು ವಸ್ತುವಿಗೆ ಹ್ಯೂಮಸ್ ಎನ್ನುತ್ತಾರೆ. ಹ್ಯೂಮಸ್ಸೇ ಮಣ್ಣಿನ ಉಗ್ರಾಣ. ಅದು ನೀರನ್ನು ಹಿಡಿದಿಡುತ್ತದೆ, ಬೆಳೆಯ ಆಹಾರವನ್ನು ಕೂಡಿಡುತ್ತದೆ, ಮಣ್ಣಿನ ಕಣಗಳನ್ನು ಬೆಸೆದು ಕೊಚ್ಚಿಹೋಗದಂತೆ ಕಾಯುತ್ತದೆ.

ಇದರಿಂದ ಇನ್ನೊಂದು ಲಾಭವಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳನ್ನು ಉರಿಸಿ ಮನುಷ್ಯರು ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹೆಚ್ಚಿಸಿದ್ದಾರೆ. ಅದರಿಂದ ಭೂಮಿಯ ತಾಪ ಏರುತ್ತಿದೆ. ಮಣ್ಣಿನಲ್ಲಿ ಉಳಿದ ಪ್ರತಿಯೊಂದು ಕಿಲೋ ಇಂಗಾಲವೂ ಗಾಳಿಯಲ್ಲಿನ ಮೂರೂವರೆ ಕಿಲೋಗಿಂತ ಹೆಚ್ಚು ಇಂಗಾಲದ ಡೈ ಆಕ್ಸೈಡಿಗೆ ಸಮ. ಅಂದರೆ ಹೊಲದ ಮಣ್ಣು ಬಲವಾದರೆ ರೈತನಿಗೂ ಒಳ್ಳೆಯದು, ಲೋಕಕ್ಕೂ ಒಳ್ಳೆಯದು.

ಬಣ್ಣ ಕಪ್ಪು, ಹೊಟ್ಟೆ ಖಾಲಿ

ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆಯ ಕಡೆಯ ಎರೆ ಹೊಲಗಳನ್ನು ನೀವು ನೋಡಿದ್ದೀರಿ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ಮಣ್ಣು ಅದು. ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹಿಂಗಾರಿಯಲ್ಲಿ ಮಾಲದಂಡಿ ಜೋಳವನ್ನು ಬೆಳೆಸಿಕೊಡುತ್ತದೆ. ಅದರ ಕಪ್ಪು ಬಣ್ಣ ಕಂಡು ಅದರಲ್ಲಿ ಹ್ಯೂಮಸ್ ತುಂಬಿ ತುಳುಕುತ್ತಿದೆ ಎಂದು ತಿಳಿಯಬೇಡಿರಿ. ಬಣ್ಣ ಎಷ್ಟೇ ಕಪ್ಪಾಗಿದ್ದರೂ ಹೆಚ್ಚಿನ ಎರೆ ಹೊಲಗಳಲ್ಲಿ ಇಂಗಾಲ ಕಡಿಮೆಯೇ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆ ಬಂದರೆ ಆ ಮಣ್ಣು ಬಡವಾಗಿದೆ ಎಂದರ್ಥ. 0.75ಕ್ಕಿಂತ ಹೆಚ್ಚು ಬಂದರೆ ಚೆನ್ನಾಗಿದೆ ಎಂದರ್ಥ.

ಮಣ್ಣು ಬಡವಾಗಲು ಕಾರಣಗಳು ಹಲವು. ನಮ್ಮ ಕಡೆ ಬಿಸಿಲು ಹೆಚ್ಚು. ಬಿಸಿಲಿಗೆ ಹ್ಯೂಮಸ್ ಬೇಗ ಕರಗುತ್ತದೆ. ಮಳೆ ಕಡಿಮೆ, ಆದ್ದರಿಂದ ಬೆಳೆಯೂ ಕಡಿಮೆ. ಬೆಳೆ ಕಡಿಮೆಯಾದರೆ ಬೇರು, ಎಲೆಗಳೂ ಕಡಿಮೆ. ಹಿಂಗಾರಿ ಬೆಳೆಗಾಗಿ ಹೊಲವನ್ನು ಮಳೆಗಾಲದಲ್ಲಿ ಬರಿದಾಗಿ ಬಿಡುವುದುಂಟು. ಆಗ ಒಮ್ಮೆಲೇ ಸುರಿಯುವ ಮಳೆ ಮೇಲಿನ ಸತ್ವದ ಮಣ್ಣನ್ನು ಹಳ್ಳಕ್ಕೆ ಎಳೆದೊಯ್ಯುತ್ತದೆ. ಕಾಳು ಮನೆಗೆ, ಕಣಿಕೆ ದನಗಳಿಗೆ, ಸಗಣಿ ಕುಳ್ಳಾಗಿ ಒಲೆಗೆ ಹೋಗುತ್ತದೆ. ಹೊಲದಿಂದ ಎಲ್ಲವನ್ನೂ ತಂದೆವು. ಹೊಲಕ್ಕೆ ಮರಳಿ ಕೊಟ್ಟದ್ದೇನು?

ಬರಿ ರೊಟ್ಟಿ ಗಂಟಲಲ್ಲಿ ಇಳಿಯದು

ಹಾಗಾದರೆ ಕಣಿಕೆಯನ್ನೆಲ್ಲ ಮಣ್ಣಿಗೆ ಹಾಕಿಬಿಟ್ಟರೆ ಸಾಕೇ? ಸಾಲದು. ಹೇಗೆಂದು ನೋಡೋಣ.

ನಿಮ್ಮ ತಟ್ಟೆಯಲ್ಲಿ ಬರಿ ಜೋಳದ ರೊಟ್ಟಿ ಹಾಕಿದರೆ ಎಷ್ಟು ತಿನ್ನುತ್ತೀರಿ? ಒಂದು ತುತ್ತು, ಎರಡು ತುತ್ತು. ಅದರೊಂದಿಗೆ ಬೇಳೆ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ? ಎರಡು ರೊಟ್ಟಿ ಸಲೀಸಾಗಿ ಇಳಿಯುತ್ತವೆ. ಸೂಕ್ಷ್ಮಜೀವಿಗಳ ಊಟವೂ ಹೀಗೆಯೇ. ಇಂಗಾಲ ಅವುಗಳ ರೊಟ್ಟಿ. ಸಾರಜನಕ, ರಂಜಕ, ಗಂಧಕಗಳು ಅವುಗಳ ಪಲ್ಯ, ಚಟ್ನಿ. ಜೋಳದ ಕಣಿಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಇಂಗಾಲವಿರುತ್ತದೆ. ಅದು ಬರಿ ರೊಟ್ಟಿಯ ಊಟ. ಅದನ್ನು ಮಾತ್ರ ಕೊಟ್ಟರೆ ಸೂಕ್ಷ್ಮಜೀವಿಗಳು ಸಾರಜನಕಕ್ಕಾಗಿ ಮಣ್ಣನ್ನೆಲ್ಲ ತಡಕುತ್ತವೆ. ಬೆಳೆಗೆಂದು ಇದ್ದ ಸಾರಜನಕವನ್ನೂ ಕಬಳಿಸುತ್ತವೆ. ಆಗ ಬೆಳೆ ಹಳದಿಯಾಗುತ್ತದೆ.

ಮಣ್ಣಿನಲ್ಲಿ ನೆಲೆನಿಂತ ಹ್ಯೂಮಸ್‌ನ ಲೆಕ್ಕವೇ ಬೇರೆ. ಅದರಲ್ಲಿ ಸುಮಾರು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿರುತ್ತದೆ. ಅಂದರೆ ಹನ್ನೆರಡು ಕಿಲೋ ಇಂಗಾಲವನ್ನು ಮಣ್ಣಿನಲ್ಲಿ ಕೂಡಿಡಬೇಕಾದರೆ ಒಂದು ಕಿಲೋ ಸಾರಜನಕವೂ ಬೇಕು. ಅದಿಲ್ಲದಿದ್ದರೆ ಇಂಗಾಲ ನಿಲ್ಲುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ. ಆದ್ದರಿಂದಲೇ ಮಣ್ಣಿನಲ್ಲಿ ಇಂಗಾಲ ಹೆಚ್ಚಿಸುವುದೂ ಬೆಳೆಗೆ ಸರಿಯಾದ ಪೋಷಕಾಂಶ ಕೊಡುವುದೂ ಒಂದೇ ಕೆಲಸದ ಎರಡು ಮುಖಗಳು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಪೋಷಕಾಂಶ ಸಿಕ್ಕ ಬೆಳೆ ಸೊಂಪಾಗಿ ಬೆಳೆಯುತ್ತದೆ. ಮೇಲೆ ಬೆಳೆದಷ್ಟೂ ಕೆಳಗೆ ಬೇರು ಆಳಕ್ಕೆ ಇಳಿಯುತ್ತದೆ. ಕಾಳನ್ನೂ ಕಣಿಕೆಯನ್ನೂ ನಾವು ತೆಗೆದುಕೊಂಡು ಹೋದರೂ ಬೇರನ್ನು ಯಾರೂ ಒಯ್ಯುವುದಿಲ್ಲ. ಅದು ಮಣ್ಣಿನ ಪಾಲು!

ಎರಡು ಹೊಲಗಳ ಕಥೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೆದ್ದಾರಿಯಲ್ಲಿ ಹೋದರೆ, ಹೈದರಾಬಾದ್ ಬರುವುದಕ್ಕೆ ಸ್ವಲ್ಪ ಮೊದಲು ಪಟಾನ್‌ಚೆರು ಎಂಬ ಊರು ಸಿಗುತ್ತದೆ. ಅಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ. ಒಣ ಬೇಸಾಯದ ಬೆಳೆಗಳ ಅಧ್ಯಯನಕ್ಕಾಗಿ 1972ರಲ್ಲಿ ಅದು ಸ್ಥಾಪನೆಯಾಯಿತು. ಅಲ್ಲಿನ ವಿಜ್ಞಾನಿಗಳು 1976ರಲ್ಲಿ ಎರೆ ಮಣ್ಣಿನಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು.

ಒಂದು ಹೊಲದಲ್ಲಿ ಹಳೆಯ ಪದ್ಧತಿ. ಮಳೆಗಾಲದಲ್ಲಿ ಹೊಲ ಬರಿದು. ಮಳೆ ಮುಗಿದ ಮೇಲೆ ಒಂದೇ ಬೆಳೆ. ಗೊಬ್ಬರವೆಂದರೆ ತಿಪ್ಪೆಗೊಬ್ಬರ ಮಾತ್ರ. ಇನ್ನೊಂದು ಹೊಲದಲ್ಲಿ ಸುಧಾರಿಸಿದ ಪದ್ಧತಿ. ಅಗಲವಾದ ಏರುಮಡಿಗಳನ್ನೂ ನಡುವೆ ಸಾಲುಗಳನ್ನೂ ಮಾಡಿದರು. ಹೆಚ್ಚಾದ ನೀರು ಸಾಲಿನಲ್ಲಿ ನಿಧಾನವಾಗಿ ಹರಿಯಿತು, ಮಣ್ಣು ಕೊಚ್ಚಿಹೋಗಲಿಲ್ಲ. ಮಳೆಗಾಲದಲ್ಲಿಯೇ ಬೆಳೆ ತೆಗೆದರು. ಜೋಳ ಅಥವಾ ಗೋವಿನಜೋಳದೊಂದಿಗೆ ತೊಗರಿ ಬೆಳೆದರು. ಬೆಳೆಗೆ ಬೇಕಾದಷ್ಟು ರಸಗೊಬ್ಬರ ಕೊಟ್ಟರು. ಬದುಗಳ ಮೇಲೆ ಗೊಬ್ಬರದ ಗಿಡ ನೆಟ್ಟು ಅದರ ಸೊಪ್ಪನ್ನು ಮಣ್ಣಿಗೆ ಸೇರಿಸಿದರು. ಎರಡೂ ಹೊಲಗಳಿಗೆ ಬಿದ್ದ ಮಳೆ ಒಂದೇ, ಬಿಸಿಲು ಒಂದೇ, ಮಣ್ಣೂ ಒಂದೇ.

ಇಪ್ಪತ್ತನಾಲ್ಕು ವರ್ಷಗಳ ಬಳಿಕ ಲೆಕ್ಕ ಹಾಕಿದರು. ಹಳೆಯ ಪದ್ಧತಿಯ ಹೊಲದಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 1.1 ಟನ್ ಕಾಳು ಸಿಕ್ಕಿತ್ತು. ಸುಧಾರಿಸಿದ ಪದ್ಧತಿಯ ಹೊಲದಲ್ಲಿ 5.1 ಟನ್! ಮಣ್ಣನ್ನು 120 ಸೆಂಟಿಮೀಟರ್ ಆಳದವರೆಗೆ ಪರೀಕ್ಷಿಸಿದರು. ಹಳೆಯ ಪದ್ಧತಿಯ ಹೊಲದಲ್ಲಿ ಹೆಕ್ಟೇರಿಗೆ 39.5 ಟನ್ ಇಂಗಾಲವಿತ್ತು. ಸುಧಾರಿಸಿದ ಹೊಲದಲ್ಲಿ 46.8 ಟನ್ ಇತ್ತು. ವ್ಯತ್ಯಾಸ 7.3 ಟನ್. ಅಂದರೆ ಪ್ರತಿ ವರ್ಷ ಸುಮಾರು 300 ಕಿಲೋ ಇಂಗಾಲ ಹೆಚ್ಚಾಗಿ ಮಣ್ಣಿನ ಉಗ್ರಾಣಕ್ಕೆ ಸೇರಿತ್ತು. ಎಕರೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 120 ಕಿಲೋ.

ಹೆಚ್ಚು ಬೆಳೆ ತೆಗೆದ ಹೊಲದಲ್ಲಿಯೇ ಹೆಚ್ಚು ಇಂಗಾಲವೂ ಉಳಿಯಿತು ಎಂಬುದನ್ನು ಗಮನಿಸಿರಿ. ಕೊಟ್ಟು ಪಡೆದರೆ ಮಣ್ಣು ಬಡವಾಗುವುದಿಲ್ಲ.

ನಮ್ಮ ಸೊಲ್ಲಾಪುರದಲ್ಲಿ

ಒಣ ಬೇಸಾಯದ ಅಧ್ಯಯನದಲ್ಲಿ ಸೊಲ್ಲಾಪುರದ ಹೆಸರು ಹಳೆಯದು. 1933ರಿಂದ 1935ರ ನಡುವೆ ದೇಶದಲ್ಲಿ ಐದು ಕಡೆ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ರೋಹತಕ ಆ ಐದು ಸ್ಥಳಗಳು. ಇವುಗಳಲ್ಲಿ ಬಿಜಾಪುರ ಇಂದಿನ ವಿಜಯಪುರ. ಅದೂ ರಾಯಚೂರು, ಹಗರಿಗಳೂ ಇಂದು ಕರ್ನಾಟಕದಲ್ಲಿವೆ. ನಮ್ಮ ನಿಮ್ಮ ನಡುವೆ ರಾಜ್ಯದ ಗಡಿಯಿದ್ದರೂ ಎರೆ ಮಣ್ಣಿಗೆ ಗಡಿಯಿಲ್ಲ, ಅದರ ಕಷ್ಟಸುಖವೂ ಒಂದೇ.

ಸೊಲ್ಲಾಪುರದ ಸಂಶೋಧನಾ ಕೇಂದ್ರದಲ್ಲಿ ಹಿಂಗಾರಿ ಜೋಳಕ್ಕೆ ಬೇರೆ ಬೇರೆ ಗೊಬ್ಬರಗಳನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕೊಟ್ಟು ನೋಡಿದ್ದಾರೆ. ಬೇಕಾದ ಸಾರಜನಕದಲ್ಲಿ ಅರ್ಧವನ್ನು ಸುಬಾಬುಲ್ ಗಿಡದ ಹಸಿರು ಸೊಪ್ಪಿನಿಂದಲೂ ಉಳಿದರ್ಧವನ್ನು ಯೂರಿಯಾದಿಂದಲೂ ಕೊಟ್ಟಾಗ ಫಲ ಬಹಳ ಚೆನ್ನಾಗಿ ಬಂದಿತು. ಇಳುವರಿಯೂ ಹೆಚ್ಚಿತು, ಮಣ್ಣಿನ ಇಂಗಾಲವೂ ಹೆಚ್ಚಿತು. ರಸಗೊಬ್ಬರವೂ ಬೇಕು, ಸೊಪ್ಪು ಗೊಬ್ಬರವೂ ಬೇಕು. ಒಂದು ಇನ್ನೊಂದಕ್ಕೆ ಜೊತೆಗಾರ.

ನಾವೇನು ಮಾಡಬಹುದು?

ಸಗಣಿ ಒಲೆಗೆ ಬೇಕು, ಕಣಿಕೆ ದನಕ್ಕೆ ಬೇಕು, ಮಣ್ಣಿಗೆ ಎಲ್ಲಿಂದ ತರುವುದು ಎಂದು ನಿಮ್ಮ ಅಜ್ಜ ಕೇಳಬಹುದು. ಅವರ ಮಾತು ಸರಿಯೇ. ಬರಗಾಲದಲ್ಲಿ ಹೊತ್ತು ಕಣಿಕೆಗೂ ಬಂಗಾರದ ಬೆಲೆ. ದನದ ಬಾಯಿಂದ ಕಸಿದು ಮಣ್ಣಿಗೆ ಹಾಕಲಾಗದು. ಅದಕ್ಕಾಗಿ ಬೇರೆ ದಾರಿಗಳಿವೆ.

ಮೊದಲನೆಯದು ಬದುವಿನ ಗಿಡ. ಬದುವಿನಲ್ಲಿ ಬೆಳೆ ಬರುವುದಿಲ್ಲ. ಅಲ್ಲಿ ಗೊಬ್ಬರದ ಗಿಡದ ಟೊಂಗೆಗಳನ್ನು ನೆಡಬಹುದು. ದನಗಳು ಅದನ್ನು ಸಾಮಾನ್ಯವಾಗಿ ಅಷ್ಟಾಗಿ ತಿನ್ನುವುದಿಲ್ಲ. ಗಿಡ ದೊಡ್ಡದಾದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿದು ಹೊಲದಲ್ಲಿ ಹರಡಬಹುದು. ಅದರ ಎಲೆಯಲ್ಲಿ ಸಾರಜನಕ ಹೆಚ್ಚು.

ಎರಡನೆಯದು ದ್ವಿದಳ ಧಾನ್ಯ. ತೊಗರಿ, ಹೆಸರು, ಕಡಲೆ, ಮಡಕೆ ಇವುಗಳ ಬೇರಿನಲ್ಲಿ ಚಿಕ್ಕ ಚಿಕ್ಕ ಗಂಟುಗಳಿರುತ್ತವೆ. ಅವುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ತೊಗರಿಯಂತೂ ತನ್ನ ಎಲೆಗಳನ್ನು ಉದುರಿಸಿ ನೆಲಕ್ಕೆ ಹಾಸಿಗೆ ಹಾಸುತ್ತದೆ.

ಮೂರನೆಯದು ಸಗಣಿಯ ಸರಿಯಾದ ಬಳಕೆ. ಗೋಬರ ಗ್ಯಾಸ್ ಇದ್ದ ಮನೆಯಲ್ಲಿ ಸಗಣಿಯಿಂದ ಒಲೆಗೆ ಬೆಂಕಿಯೂ ಸಿಗುತ್ತದೆ, ಹೊಲಕ್ಕೆ ಬಗ್ಗಡದ ಗೊಬ್ಬರವೂ ಸಿಗುತ್ತದೆ. ತಿಪ್ಪೆಯನ್ನು ಬಿಸಿಲು ಮಳೆಗೆ ಬಿಡದೆ ಗುಂಡಿಯಲ್ಲಿ ತುಂಬಿ ಮಣ್ಣು ಮುಚ್ಚಿದರೆ ಅದರ ಸತ್ವ ಸೋರಿಹೋಗುವುದಿಲ್ಲ.

ನಾಲ್ಕನೆಯದು ಮಣ್ಣು ಪರೀಕ್ಷೆ. ಜ್ವರ ನೋಡದೆ ಔಷಧ ಕೊಡುವ ವೈದ್ಯರುಂಟೇ? 2015ರಲ್ಲಿ ದೇಶದಲ್ಲಿ ಮಣ್ಣಿನ ಆರೋಗ್ಯ ಪತ್ರದ ಯೋಜನೆ ಆರಂಭವಾಯಿತು. ಅದರಲ್ಲಿ ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತುವು, ಬೋರಾನ್ ಮೊದಲಾದ ಹನ್ನೆರಡು ಅಂಶಗಳನ್ನು ಬರೆದಿರುತ್ತಾರೆ. ಏನು ಕಡಿಮೆಯಿದೆಯೋ ಅದನ್ನು ಮಾತ್ರ ಕೊಟ್ಟರೆ ಸಾಕು. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷಿಸಿದಾಗ ಅನೇಕ ಹೊಲಗಳಲ್ಲಿ ಗಂಧಕ, ಸತುವು, ಬೋರಾನ್ ಕೊರತೆ ಕಂಡುಬಂದಿತು. ಅವನ್ನು ತುಂಬಿಕೊಟ್ಟಾಗ ಇಳುವರಿ ಹೆಚ್ಚಿತು. ಒಂದು ಚಿಟಿಕೆ ಉಪ್ಪು ಇಲ್ಲದೆ ಸಾರು ರುಚಿಸದಲ್ಲವೇ? ಇದೂ ಹಾಗೆಯೇ.

ಆದರೆ ಉಪ್ಪು ಹೆಚ್ಚಾದರೂ ಸಾರು ಕೆಡುತ್ತದೆ. ಯೂರಿಯಾ ಅಗ್ಗವೆಂದು ಚೀಲಗಟ್ಟಲೆ ಸುರಿದರೆ ದುಡ್ಡು ಹಾಳು, ಬಾವಿಯ ನೀರು ಹಾಳು. ಹೆಚ್ಚಾದ ಸಾರಜನಕದಲ್ಲಿ ಸ್ವಲ್ಪ ಭಾಗ ಭೂಮಿಯ ತಾಪ ಏರಿಸುವ ಮತ್ತೊಂದು ಅನಿಲವಾಗಿ ಗಾಳಿಗೆ ಸೇರುತ್ತದೆ. ಹಿಂಗಾರಿ ಬೆಳೆಗೆ ಮೇಲೆ ಗೊಬ್ಬರ ಎರಚಿದರೆ ಒಣ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದೂ ಇಲ್ಲ. ಆದ್ದರಿಂದ ಬಿತ್ತುವಾಗಲೇ ಕೂರಿಗೆಯಿಂದ ಹಸಿ ಮಣ್ಣಿಗೆ ಗೊಬ್ಬರ ಇಳಿಸಬೇಕು.

ಮಕ್ಕಳೇ, ಒಂದು ಮಾತು ನೆನಪಿಡಿರಿ. ಮಣ್ಣಿನ ಇಂಗಾಲ ಒಂದೇ ವರ್ಷದಲ್ಲಿ ಹೆಚ್ಚುವುದಿಲ್ಲ. ಪಟಾನ್‌ಚೆರುವಿನ ಹೊಲಕ್ಕೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಕೂಡಿಟ್ಟದ್ದು ಶಾಶ್ವತವೂ ಅಲ್ಲ. ಊಟ ಕೊಡುವುದನ್ನು ನಿಲ್ಲಿಸಿದರೆ ಮಣ್ಣು ಮತ್ತೆ ಬಡವಾಗುತ್ತದೆ. ಇಂದು ಬದುವಿನಲ್ಲಿ ಒಂದು ಗಿಡ ನೆಟ್ಟರೆ ಅದರ ಪೂರ್ಣ ಫಲ ಕಾಣುವ ಹೊತ್ತಿಗೆ ನೀವು ದೊಡ್ಡವರಾಗಿರುತ್ತೀರಿ. ಆ ಹೊಲವನ್ನು ಉಳುವವರೂ ನೀವೇ ಆಗಿರಬಹುದು. ಹಾಗಾದರೆ ಗಿಡ ನೆಡಲು ಈ ಮಳೆಗಾಲಕ್ಕಿಂತ ಒಳ್ಳೆಯ ಸಮಯ ಯಾವುದಿದೆ?

ಶಬ್ದಾರ್ಥ

ಚರಗ – ಭೂಮಿಗೆ ನೈವೇದ್ಯವೆಂದು ಹೊಲದಲ್ಲಿ ಚೆಲ್ಲುವ ಅಡುಗೆ
ಕಣಿಕೆ – ತೆನೆ ಕೊಯ್ದ ಮೇಲೆ ಉಳಿಯುವ ಜೋಳದ ಒಣ ದಂಟು
ಕುಳ್ಳು – ಉರುವಲಿಗಾಗಿ ತಟ್ಟಿ ಒಣಗಿಸಿದ ಸಗಣಿ
ಹಿಂಗಾರಿ – ಮಳೆಗಾಲದ ಕೊನೆಗೆ ಬಿತ್ತುವ ಬೆಳೆ
ಬದು – ಹೊಲದ ಅಂಚಿನ ಏರಿ
ಕೂರಿಗೆ – ಬಿತ್ತುವ ಸಾಧನ
ಬಗ್ಗಡ – ಗಟ್ಟಿಯಾದ ರಾಡಿ ನೀರು
ಉಗ್ರಾಣ – ಸಾಮಾನು ಕೂಡಿಡುವ ಕೋಣೆ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1) ಗಿಡಗಳು ಇಂಗಾಲವನ್ನು ಎಲ್ಲಿಂದ ಪಡೆಯುತ್ತವೆ?
2) ಹ್ಯೂಮಸ್ ಎಂದರೇನು?
3) ಪಟಾನ್‌ಚೆರುವಿನ ಪ್ರಯೋಗ ಯಾವ ವರ್ಷ ಆರಂಭವಾಯಿತು?
4) ದ್ವಿದಳ ಗಿಡಗಳ ಬೇರಿನ ಗಂಟುಗಳಲ್ಲಿ ಯಾವ ಸೂಕ್ಷ್ಮಜೀವಿಗಳಿರುತ್ತವೆ?

ಆ) ಕಾರಣ ಕೊಡಿರಿ.
1) ಎರೆ ಮಣ್ಣು ಕಪ್ಪಾಗಿದ್ದರೂ ಸತ್ವಶಾಲಿ ಎಂದು ಹೇಳಲಾಗದು.
2) ಬರಿ ಕಣಿಕೆಯನ್ನು ಮಣ್ಣಿಗೆ ಸೇರಿಸಿದರೆ ಬೆಳೆ ಹಳದಿಯಾಗುತ್ತದೆ.
3) ಹಿಂಗಾರಿ ಬೆಳೆಗೆ ಬಿತ್ತುವಾಗಲೇ ಗೊಬ್ಬರ ಕೊಡಬೇಕು.

ಇ) ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ.
1) ಪಟಾನ್‌ಚೆರುವಿನ ಎರಡು ಹೊಲಗಳಲ್ಲಿದ್ದ ವ್ಯತ್ಯಾಸಗಳು.
2) ಸಗಣಿಯೂ ಕಣಿಕೆಯೂ ಮನೆಗೇ ಬೇಕಾದಾಗ ಮಣ್ಣಿಗೆ ಊಟ ಒದಗಿಸುವ ದಾರಿಗಳು.

ಈ) ಲೆಕ್ಕ ಮಾಡಿರಿ.
ಒಂದು ಹೆಕ್ಟೇರ್ ಹೊಲದಲ್ಲಿ ವರ್ಷಕ್ಕೆ 300 ಕಿಲೋ ಇಂಗಾಲ ಹ್ಯೂಮಸ್ ರೂಪದಲ್ಲಿ ಉಳಿಯಬೇಕು. ಹನ್ನೆರಡು ಕಿಲೋ ಇಂಗಾಲಕ್ಕೆ ಒಂದು ಕಿಲೋ ಸಾರಜನಕ ಬೇಕಾದರೆ ಒಟ್ಟು ಎಷ್ಟು ಸಾರಜನಕ ಬೇಕು?

ಉ) ಭಾಷಾಭ್ಯಾಸ: ‘ಕಸಕಡ್ಡಿ’, ‘ಕಷ್ಟಸುಖ’, ‘ಹಗಲಿರುಳು’ ಇವು ಜೋಡು ಶಬ್ದಗಳು. ಇಂತಹ ಇನ್ನೂ ಐದು ಶಬ್ದಗಳನ್ನು ಹುಡುಕಿ ಸ್ವಂತ ವಾಕ್ಯಗಳಲ್ಲಿ ಬಳಸಿರಿ.

ಉಪಕ್ರಮ

1) ಉಳುವ ಹೊಲದಿಂದ ಒಂದು ಹೆಂಟೆ, ಬೇವಿನ ಮರದ ಕೆಳಗಿನಿಂದ ಒಂದು ಹೆಂಟೆ ತನ್ನಿರಿ. ಎರಡನ್ನೂ ನೆರಳಲ್ಲಿ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲಗೆ ಬಿಡಿರಿ. ಯಾವುದು ಬೇಗ ಕರಗುತ್ತದೆ? ಏಕೆಂದು ಚರ್ಚಿಸಿರಿ.
2) ಕಡಲೆ ಅಥವಾ ತೊಗರಿಯ ಒಂದು ಎಳೆಯ ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.
3) ನಿಮ್ಮ ಮನೆಯಲ್ಲಿ ಮಣ್ಣಿನ ಆರೋಗ್ಯ ಪತ್ರ ಇದ್ದರೆ ಅದರಲ್ಲಿ ಸಾವಯವ ಇಂಗಾಲ ಎಷ್ಟಿದೆ ಎಂದು ಹಿರಿಯರೊಂದಿಗೆ ಕೂಡಿ ಓದಿರಿ. ಗೆಳೆಯರ ಮನೆಯ ಪತ್ರದೊಂದಿಗೆ ಹೋಲಿಸಿರಿ.